ಚೌಡಿಗೆ, ಕೋಳಿಯ ವಾಯಿದೆ ಕುರಿತು

ತಾಯೀ, ಹಲಸಿನ ಬುಡದ ಮೂರು ಕಲ್ಲಿನವಳೇ,
ಸಾಗರದ ನೀರುಗಂಟಿ ಕೆರಿಯಪ್ಪ
ಬರೆದುಕೊಳ್ಳುವುದೇನೆಂದರೆ:

ಯುಗಾದಿಯ ಹಿಂದಿನ ದಿನ
ವಾಲ್ವಿನ ಕೀಲಿ ಬಿದ್ದು ಹೆಬ್ಬೆರಳಿಗಾದ ಗಾಯ
ಎರಡು ತಿಂಗಳಾದರೂ ಬಾಯಿ ಮುಚ್ಚಲಿಲ್ಲ.
ಆಗ ಅವ್ವ, ನನಗೆ ಹೇಳದೆ ಕೇಳದೆ,
ಮಾಯಲಿ, ಹ್ಯಾಟೆಯೊಂದು ಕೊಡುತ್ತೇನೆ ಅಂತ
ನಿನ್ನೆದುರು ಕಾಯಿ ಇಟ್ಟು ಬಂದಳು.

ಹ್ಯಾಟೆಯ ಹೆಸರು ಚುಕ್ಕಿ.
ನಿನ್ನದೆಂಬ ಗುರುತಿಗೆ ಕಾಲಿಗೆ ಅರಿಶಿನದ ದಾರ.
ನನ್ನ ಕಾಲಿಗೆ ಆಸ್ಪತ್ರೆಯ ಬಿಳಿ ಪಟ್ಟಿ.
ಅಂಗಳದಲ್ಲಿ ಎದುರಾದರೆ
ಒಬ್ಬರ ಕಾಲು ಒಬ್ಬರು ನೋಡುತ್ತೇವೆ.

ಸಿಸ್ಟರ್ ಜೆಸಿಂತಾ ಬೆರಳು ಚುಚ್ಚಿ ಹೇಳಿದರು:
ಮುನ್ನೂರ ಹನ್ನೆರಡು.
ನನಗದು ಮನೆ ನಂಬರಿನಂತೆ ಕೇಳಿಸಿತು,
ಎರಡನೇ ತಿರುವು, ನೀರು ಬೆಳಗ್ಗೆ ಐದೂವರೆಗೆ.
ಸಕ್ಕರೆ ಬಿಡಿ, ಅಂದರು. ಬಿಟ್ಟೆ.
ಬೆಲ್ಲ? ಅಂದೆ. ಸರದಿಯಲ್ಲಿದ್ದ ಏಳೂ ಮಂದಿ ಕಿವಿ ಕೊಟ್ಟರು.
ಬೆಲ್ಲ ಸಕ್ಕರೆಯ ಒಡಹುಟ್ಟು, ಅಂದರು.
ಜೋನಿ ಬೆಲ್ಲ? ಅಂದೆ, ಕೊನೆಯ ಆಸೆಗೆ.
ಸಿಸ್ಟರ್ ಪೆನ್ನು ಕೆಳಗಿಟ್ಟರು.
'ನಲ್ಲಿಯಲ್ಲಿ ಬಂದರೂ ಟ್ಯಾಂಕರಿನಲ್ಲಿ ಬಂದರೂ
ನೀರು ನೀರೇ ಅಲ್ಲವೇ, ಕೆರಿಯಪ್ಪನವರೇ?'
ಮೂವತ್ತು ವರ್ಷದ ನೌಕರಿಯಲ್ಲಿ
ನೀರಿನ ವಿಷಯಕ್ಕೆ ಯಾರೂ ನನ್ನ ಬಾಯಿ ಹೀಗೆ ಕಟ್ಟಿರಲಿಲ್ಲ.

ಚೀಟಿಯ ಹಿಂದೆ ಬರೆದುಕೊಟ್ಟರು:
ಅನ್ನ ಈಗಿನ ಅರ್ಧ. ಬಸಳೆ, ಹುರುಳಿ ಇರಲಿ.
ಬೆಳಗ್ಗೆ ಟೀ ಜೊತೆಯ ಬನ್ನಿನ ಬದಲು
ಬೇಯಿಸಿದ ಮೊಟ್ಟೆ, ಒಂದು.
ಮಾತ್ರೆ ತಪ್ಪಿಸಬೇಡಿ. 'ತಪ್ಪಿಸಬೇಡಿ'ಗೆ ಎರಡು ಗೆರೆ.

ತಾಯೀ, ತೊಡಕು ಶುರುವಾದದ್ದು ಇಲ್ಲಿ.
ಅದೇ ವಾರ ಚುಕ್ಕಿ ಮೊಟ್ಟೆಗೆ ಬಂತು.
ಸೌದೆ ಮೂಲೆಯ ಹಳೇ ಮೀಟರ್ ಪೆಟ್ಟಿಗೆಯಲ್ಲಿ
ಕೈಗೆ ಸಿಕ್ಕಿತು ಮೊದಲನೆಯದು,
ಜ್ವರ ಬಿಡುತ್ತಿರುವ ಮಗುವಿನ ಹಣೆಯಷ್ಟು ಬಿಸಿ.

ಹ್ಯಾಟೆ ಚೌಡಿಯದು, ಮೊಟ್ಟೆಯೂ ಚೌಡಿಯದೇ, ಅವ್ವ ಅಂದಳು.
ತಿಂದ ಕಾಳು ನಮ್ಮದು, ಕುಸುಮ ಅಂದಳು.
ಎರಡು ದಿನ ಮೊಟ್ಟೆ
ಅಕ್ಕಿ ಡಬ್ಬಿಯಲ್ಲಿ ತೀರ್ಪಿಗೆ ಕಾದಿತ್ತು.
ಮೂರನೇ ಸಂಜೆ ಅವ್ವ ಅದನ್ನು ನಿನ್ನ ಕಲ್ಲಿನ ಮೇಲಿಟ್ಟು
ನೀನೇ ಹೇಳು ಅಂದಳಂತೆ.
ಬೆಳಗ್ಗೆ ಬರೀ ಚಿಪ್ಪು.
'ತಗೊಂಡಳು. ಇನ್ನು ಉಳಿದವು ನಿನ್ನವು' ಅಂದು
ಮುಂದಿನ ಮೊಟ್ಟೆ ತಾನೇ ಸುಲಿದು ಕೊಟ್ಟಳು.
ಮುಂಗುಸಿ ಎಂದು ನನ್ನ ಅನುಮಾನ.
ನಿನಗೆ ಗೊತ್ತಿರುತ್ತದೆ.

ಈಗ ದಿನಾ ಒಂದು ಪಾತ್ರೆ ನೀರಿಗೆ ಮೊಟ್ಟೆ ಬಿಡುತ್ತೇನೆ.
ಬೇಕು ಅಂತಲ್ಲ, ನೋಡುವ ಖುಷಿಗೆ.
ಇಂದಿನದು ತಳದಲ್ಲಿ ಅಡ್ಡ ಮಲಗುತ್ತದೆ,
ವಾರದ ಹಿಂದಿನದು ತಲೆ ಎತ್ತುತ್ತದೆ,
ಅಂಗಡಿಯ ಹಳತು ತುದಿಗಾಲಲ್ಲಿ ನಿಲ್ಲುತ್ತದೆ.
ಒಳಗೆ ಗಾಳಿ ತುಂಬಿದಷ್ಟೂ ಮೇಲೇರುವುದು
ನಗರಸಭೆಯಲ್ಲೂ ನೋಡಿದ್ದೇನೆ.

ಗಾಯ ಮಾಯಿತು.
ಮೊನ್ನೆಯ ನಂಬರು ನೂರ ನಲವತ್ತೆಂಟು.
ಮಾಯಿಸಿದ್ದು ನೀನೋ, ಮಾತ್ರೆಯೋ,
ಬಿಟ್ಟ ಬನ್ನೋ, ಚುಕ್ಕಿಯೋ,
ಲೆಕ್ಕ ಹಾಕಲು ನನಗೆ ಬರುವುದಿಲ್ಲ.
ಆದರೆ ಅವ್ವನಿಗೆ ಬರುತ್ತದೆ. ಅವಳು ಋಣ ಇಟ್ಟುಕೊಳ್ಳುವವಳಲ್ಲ.
ಮಂಗಳವಾರ ಬಂದರೆ ಕತ್ತಿ ಮಸೆಯುವ ಕಲ್ಲು ತೊಳೆದಿಡುತ್ತಾಳೆ,
ಸಂಜೆ ಮತ್ತೆ ಒಳಗಿಡುತ್ತಾಳೆ.

ಚುಕ್ಕಿ ಈಗ ಕಾವಿಗೆ ಕೂತಿದೆ.
ನಾಲ್ಕು ದಿನದಿಂದ ಪೆಟ್ಟಿಗೆ ಬಿಟ್ಟೆದ್ದಿಲ್ಲ,
ಅಡಿಯಲ್ಲಿ ಏನೂ ಇಲ್ಲದಿದ್ದರೂ.
ಇವತ್ತು ಕೈ ಹಾಕಿದೆ, ಕುಕ್ಕಿತು.
ಸಿಸ್ಟರ್ ಚುಚ್ಚುವ ಬೆರಳೇ. ಒಂದು ಹನಿ.
ಅದು ಯಾವ ನಂಬರು ಓದಿತೋ,
ಸುಮ್ಮನೆ ರೆಪ್ಪೆ ಮುಚ್ಚಿತು.

ನೆರೆಮನೆಯಿಂದ ಏಳು ಮೊಟ್ಟೆ ತಂದು ಅಡಿಗಿಟ್ಟಿದ್ದೇವೆ.
ಇಪ್ಪತ್ತೊಂದು ದಿನ, ತಾಯೀ.
ಅಷ್ಟು ವಾಯಿದೆ ಕೊಡು.
ಆಮೇಲಿನದು ಆಮೇಲೆ ಇನ್ನೊಂದು ಅರ್ಜಿ.

ಇಂತಿ, ಕೆರಿಯಪ್ಪ.

ಮರೆತೆ: ನಿನ್ನ ಕಲ್ಲಿನ ಮೇಲೆ
ಯಾರೋ ಇಟ್ಟ ಬೆಲ್ಲದಲ್ಲಿ ಒಂದು ಚೂರು ತಿಂದೆ.
ಸಿಸ್ಟರಿಗೆ ಹೇಳಬೇಡ.